ಮೊದಲ ಸಲ ಊಟ ಕೊಡಲು ಹೋಗಿದ್ದೆ: ಎರಡನೇ ಪೊಟ್ಟಣ ಕೇಳಿದವರಿಗೆ ಏನು ಹೇಳಬೇಕಿತ್ತು?

ಹೊಸಬಳು (ಚರ್ಚೆ ಆರಂಭಿಸಿದವರು)

ಕಳೆದ ಭಾನುವಾರ ರಾತ್ರಿ ನಮ್ಮ ಬಡಾವಣೆಯ ಏಳು ಮಂದಿಯ ಜೊತೆ, ಬೀದಿಯಲ್ಲಿ ಮಲಗುವವರಿಗೆ ಊಟ ಕೊಡಲು ಕಲಾಸಿಪಾಳ್ಯ ಬಸ್ ನಿಲ್ದಾಣದಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಹೋಗಿದ್ದೆ. ನನಗೆ ಇದು ಮೊದಲ ಸಲ. ಎಂಬತ್ತು ಪೊಟ್ಟಣ ಚಿತ್ರಾನ್ನ, ಒಂದೊಂದು ಬಾಳೆಹಣ್ಣು, ಇಷ್ಟೇ ನಮ್ಮ ಸರಂಜಾಮು. ಹೊರಡುವ ಮೊದಲು ತಂಡದ ಹಿರಿಯರೊಬ್ಬರು ಒಂದೇ ನಿಯಮ ಹೇಳಿದ್ದರು: ಒಬ್ಬರಿಗೆ ಒಂದೇ ಪೊಟ್ಟಣ.

ಮೇಲ್ಸೇತುವೆಯ ಕೆಳಗೆ, ಬಟ್ಟೆಯ ಗಂಟಿಗೆ ಒರಗಿ ಕುಳಿತಿದ್ದ ಸುಮಾರು ಅರವತ್ತು ವರ್ಷದ ಹೆಂಗಸೊಬ್ಬರು ಪೊಟ್ಟಣ ತೆಗೆದುಕೊಂಡು, ಅದನ್ನು ಬಿಚ್ಚದೆ, "ಇನ್ನೊಂದು ಕೊಡವ್ವ" ಎಂದರು. "ಒಬ್ಬರಿಗೆ ಒಂದೇ ಅಜ್ಜಿ" ಎಂದೆ. ಅವರು ವಾದಿಸಲಿಲ್ಲ, ಬೈಯಲಿಲ್ಲ, ಮುಖ ತಿರುಗಿಸಿದರು, ಅಷ್ಟೆ. ಕೊನೆಗೆ ಲೆಕ್ಕ ಹಾಕಿದಾಗ ನಮ್ಮ ಬಳಿ ಹನ್ನೊಂದು ಪೊಟ್ಟಣಗಳು ಉಳಿದಿದ್ದವು. ಅವುಗಳನ್ನು ಆಟೋ ಚಾಲಕರಿಗೂ ಒಂದು ಎಟಿಎಂ ಕಾವಲುಗಾರರಿಗೂ ಕೊಟ್ಟು ಕೈ ತೊಳೆದುಕೊಂಡೆವು. ನಾನು ಮತ್ತೆ ಆ ಜಾಗಕ್ಕೆ ಓಡಿದಾಗ ಗಂಟೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಊಟ ಸೇರಲಿಲ್ಲ ಎಂದು ಹೇಳಿದರೆ ನಾಟಕವಾದೀತು, ಊಟ ಮಾಡಿದೆ. ಆದರೆ ಬಿಸಿ ಸಾರು ಹಾಕಿಕೊಂಡು ಎರಡನೇ ಸಲ ಅನ್ನ ಬಡಿಸಿಕೊಳ್ಳುವಾಗ ಕೈ ಒಮ್ಮೆ ತಡೆಯಿತು. ಅನುಭವ ಇದ್ದವರು ದಯವಿಟ್ಟು ಹೇಳಿ: ಎರಡನೆಯದನ್ನು ಕೇಳಿದರೆ ಕೊಡಬೇಕೇ, ಬೇಡವೇ? ನಾವು ಮಾಡುತ್ತಿರುವ ಕ್ರಮದಲ್ಲಿ ಬೇರೆ ಏನು ತಪ್ಪಿದೆ?

ಮಾರ್ಕೆಟ್ ಮೂಲೆ

ಕೊಡಬೇಕು. ಇದರಲ್ಲಿ ಚರ್ಚೆಗೆ ಏನಿದೆ?

ಲೆಕ್ಕದ ಪುಸ್ತಕ

ಚರ್ಚೆಗೆ ಬಹಳ ಇದೆ, ಸ್ವಾಮಿ. ನಾನು ಆರು ವರ್ಷಗಳಿಂದ ಮೆಜೆಸ್ಟಿಕ್ ಸುತ್ತ ಊಟ ಹಂಚುತ್ತಿದ್ದೇನೆ. ಮೊದಲ ತಿಂಗಳು ನಾವೂ ಕೇಳಿದವರಿಗೆಲ್ಲ ಕೇಳಿದಷ್ಟು ಕೊಟ್ಟೆವು. ಪರಿಣಾಮ ಏನಾಯಿತೆಂದರೆ, ಗಟ್ಟಿಮುಟ್ಟಾದ ನಾಲ್ಕು ಮಂದಿ ಯುವಕರು ವ್ಯಾನಿನ ಬಾಗಿಲಲ್ಲೇ ನಿಂತು ಮೂರು ಮೂರು ಪೊಟ್ಟಣ ಎತ್ತಿಕೊಂಡರು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಮುದುಕರೊಬ್ಬರು ನಮ್ಮ ತನಕ ತಲುಪುವ ಹೊತ್ತಿಗೆ ಖಾಲಿ ಡಬ್ಬವಷ್ಟೇ ಇತ್ತು. ಸಾಲಿನಲ್ಲಿ ಕೊನೆಗೆ ಬರುವವರು ಯಾವಾಗಲೂ ನಡೆಯಲಾಗದವರು, ಕಣ್ಣು ಕಾಣದವರು, ನಾಚಿಕೆಯವರು. ಒಂದೇ ಎಂಬ ನಿಯಮ ಇರುವುದು ಅವರಿಗಾಗಿ, ನಮ್ಮ ಜಿಪುಣತನಕ್ಕಾಗಿ ಅಲ್ಲ.

ಆದರೆ ಆ ನಿಯಮವನ್ನು ಮೊದಲ ಸುತ್ತಿಗೆ ಮಾತ್ರ ಇಟ್ಟುಕೊಳ್ಳಬೇಕು. ಎಂಬತ್ತರಲ್ಲಿ ಹದಿನೈದನ್ನು ಬೇರೆ ಚೀಲದಲ್ಲಿ ಕಟ್ಟಿಡಿ. ಮೊದಲ ಸುತ್ತು ಮುಗಿದ ಮೇಲೆ, ಹೋದ ದಾರಿಯಲ್ಲೇ ಹಿಂದಿರುಗಿ ಬನ್ನಿ. ಆಗ ಕೇಳಿದವರಿಗೆ ಕೊಡಿ, ಕೇಳದವರನ್ನು ನೀವೇ ಕೇಳಿ. ಹೊಸಬಳು ಅವರೇ, ನಿಮ್ಮ ತಪ್ಪು "ಇಲ್ಲ" ಎಂದದ್ದಲ್ಲ; "ಸ್ವಲ್ಪ ಇರಿ, ಉಳಿದರೆ ತರುತ್ತೇನೆ" ಎನ್ನದೇ ಇದ್ದದ್ದು.

ನೇರ ನುಡಿ

ಯಾರಿಗೂ ಇಷ್ಟವಾಗದ ಮಾತೊಂದನ್ನು ಹೇಳುತ್ತೇನೆ. ಈ ನಗರದಲ್ಲಿ ಇಂದಿರಾ ಕ್ಯಾಂಟೀನ್ ಇದೆ. ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಹತ್ತು ರೂಪಾಯಿ ದುಡಿಯಲಾಗದಷ್ಟು ಅಸಹಾಯಕರು ಎಷ್ಟು ಮಂದಿ ಇದ್ದಾರೆ? ರಾತ್ರಿ ಹತ್ತಕ್ಕೆ ಕಾರಿನಲ್ಲಿ ಬಂದು ಪುಕ್ಕಟೆ ಪೊಟ್ಟಣ ಕೊಟ್ಟು, ಬೆಳಿಗ್ಗೆ ಅವರು ಕೆಲಸಕ್ಕೆ ಹೋಗದಂತೆ ಮಾಡುವುದು ಸೇವೆಯಲ್ಲ. ಪುಣ್ಯ ನಿಮಗೆ, ಸೋಮಾರಿತನ ಅವರಿಗೆ.

ರಾತ್ರಿ ಪಾಳಿ

ನೇರ ನುಡಿ ಅವರೇ, ನೀವು ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಕೃಷ್ಣರಾಜ ಮಾರುಕಟ್ಟೆಗೆ ಬನ್ನಿ. ರಾತ್ರಿ ಹತ್ತಕ್ಕೆ ಕೈಗಾಡಿಯ ಮೇಲೆ, ಗೋಣಿಚೀಲದ ಮೇಲೆ ಮಲಗಿದ್ದವರೇ ಆ ಹೊತ್ತಿಗೆ ಹೂವಿನ ಮೂಟೆ, ತರಕಾರಿ ಮೂಟೆ ಹೊರುತ್ತಿರುತ್ತಾರೆ. ನಿಮ್ಮ ಮನೆಯ ದೇವರಿಗೆ ಸೇವಂತಿಗೆ ಬರುವುದು ಅಂಥವರ ಬೆನ್ನಿನ ಮೇಲೆ. ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷುಕರು ಎಂಬ ಕಲ್ಪನೆಯೇ ತಪ್ಪು. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಚಿಂದಿ ಆಯುವವರು ಅಲ್ಲಿದ್ದಾರೆ. ದುಡಿಯುತ್ತಾರೆ, ಬಾಡಿಗೆಗೂ ಮುಂಗಡಕ್ಕೂ ಸಾಲುವುದಿಲ್ಲ.

ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್ 16ರಂದು ಆರಂಭವಾದಾಗ ಮೊದಲ ವಾರವೇ ಸಾಲಿನಲ್ಲಿ ನಿಂತು ಊಟ ಮಾಡಿದವನು ನಾನು. ಒಳ್ಳೆಯ ಯೋಜನೆ, ಇನ್ನೂ ಹೆಚ್ಚಬೇಕು. ಆದರೆ ಅಲ್ಲಿ ಹೊತ್ತಿಗೆ ಸರಿಯಾಗಿ ಹೋಗಬೇಕು, ನಿಂತು ಉಣ್ಣಬೇಕು, ಅಲ್ಲಿಯವರೆಗೆ ನಡೆಯಬೇಕು. ರಾತ್ರಿ ಹತ್ತಕ್ಕೆ ಲೋಡು ಇಳಿಸಿ ಬಂದವನಿಗೂ, ಮಂಡಿ ಊದಿಕೊಂಡ ಮುದುಕಿಗೂ ಆ ಹತ್ತು ರೂಪಾಯಿಯ ಊಟ ಇದ್ದೂ ಇಲ್ಲದಂತೆ. ಇನ್ನು ಅನ್ನಭಾಗ್ಯದ ಅಕ್ಕಿ ಎನ್ನುತ್ತೀರಾದರೆ, ಪಡಿತರ ಚೀಟಿಗೆ ವಿಳಾಸ ಬೇಕು, ಸಿಕ್ಕ ಅಕ್ಕಿಯನ್ನು ಬೇಯಿಸಲು ಒಲೆ ಬೇಕು. ಮೇಲ್ಸೇತುವೆಯ ಕಂಬದ ಸಂಖ್ಯೆಯನ್ನು ಯಾವ ಕಚೇರಿಯೂ ವಿಳಾಸವೆಂದು ಬರೆದುಕೊಳ್ಳುವುದಿಲ್ಲ.

ನೇರ ನುಡಿ

ಒಲೆಯ ಮಾತು ಒಪ್ಪಿದೆ. ಸೋಮಾರಿತನದ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ.

ಕೊಪ್ಪರಿಗೆ

ನಾನು ಮದುವೆ ಮನೆಗಳಲ್ಲಿ ಅಡುಗೆ ಮಾಡುವವನು; ಚಾಮರಾಜಪೇಟೆಯಲ್ಲಿ ನಮ್ಮ ತಂದೆಯ ಕಾಲದಿಂದಲೂ ಇದೇ ಕಸುಬು. ಧರ್ಮದ ವಿಚಾರ ನೀವು ಮಾತಾಡಿಕೊಳ್ಳಿ, ನಾನು ಒಲೆಯ ವಿಚಾರ ಹೇಳುತ್ತೇನೆ, ಏಕೆಂದರೆ ಉತ್ಸಾಹದಿಂದ ಹೊರಡುವ ಹೊಸಬರು ಎಡವುವುದು ಇಲ್ಲೇ.

ಒಬ್ಬರಿಗೆ ನೂರು ಗ್ರಾಂ ಅಕ್ಕಿ ಎಂದು ಲೆಕ್ಕ ಹಾಕುವುದು ಮನೆಯ ಊಟಕ್ಕೆ. ಪಲ್ಯ, ಸಾರು, ಮೊಸರು ಎಲ್ಲವೂ ಇರುವಲ್ಲಿ ಅದು ಸರಿ. ದಿನಕ್ಕೊಂದೇ ಊಟ ಮಾಡುವವರಿಗೆ ಒಂದೇ ಬಗೆಯ ಅನ್ನ ಕೊಡುವಾಗ ನೂರೈವತ್ತು ಗ್ರಾಂ ಹಿಡಿಯಿರಿ, ಅಂದರೆ ಎಂಬತ್ತು ಮಂದಿಗೆ ಹನ್ನೆರಡು ಕಿಲೋ. ಪೊಟ್ಟಣ ಚಿಕ್ಕದಾದರೆ ಎರಡನೆಯದನ್ನು ಕೇಳದೆ ಇನ್ನೇನು ಮಾಡುತ್ತಾರೆ? ಹೊಸಬಳು ಅಕ್ಕ, ನಿಮ್ಮ ಪೊಟ್ಟಣ ಎಷ್ಟಿತ್ತು ಎಂದು ಮೊದಲು ಹೇಳಿ.

ಚಿತ್ರಾನ್ನ ರಾತ್ರಿಗೆ ಹೇಳಿದ್ದಲ್ಲ. ಆರಿದರೆ ಉದುರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಕಡಲೆಬೇಳೆ ಹಲ್ಲಿಲ್ಲದವರಿಗೆ ಕಲ್ಲು. ಬಿಸಿಬೇಳೆಬಾತನ್ನು ಸ್ವಲ್ಪ ಸಡಿಲವಾಗಿ ಮಾಡಿ, ಏಕೆಂದರೆ ಅದು ದಾರಿಯಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ. ಮೆತ್ತಗಿರುತ್ತದೆ, ಬೇಳೆಯೂ ತರಕಾರಿಯೂ ಹೊಟ್ಟೆಗೆ ಹೋಗುತ್ತದೆ. ಮೊಸರನ್ನ ಕೊಡುವುದಾದರೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲೆಸಬೇಕು, ಇಲ್ಲವಾದರೆ ತಲುಪುವ ಹೊತ್ತಿಗೆ ಹುಳಿ ಬಂದಿರುತ್ತದೆ. ಹೊತ್ತು ತಡೆಯಬೇಕಾದರೆ ಪುಳಿಯೋಗರೆಯೇ ಗಟ್ಟಿ. ಹುಣಿಸೆಹುಳಿಯೂ ಎಣ್ಣೆಯೂ ಅನ್ನವನ್ನು ಕಾಪಾಡುತ್ತವೆ. ಹಸಿ ಕಾಯಿತುರಿ ಮಾತ್ರ ಯಾವುದಕ್ಕೂ ಹಾಕಬೇಡಿ. ಮೊದಲು ಹಳಸುವುದು ಅದೇ.

ಉಪ್ಪಿನಕಾಯಿ ಪಕ್ಷ

ಬಿಸಿಬೇಳೆಬಾತಿನ ಜೊತೆ ಖಾರಾಬೂಂದಿ ಇಲ್ಲವೆಂದರೆ ನಾನು ಈ ಚರ್ಚೆಯನ್ನು ಬಹಿಷ್ಕರಿಸುತ್ತೇನೆ.

ಕೊಪ್ಪರಿಗೆ

ಹಲ್ಲಿಲ್ಲದವರು ಎಂದೆನಲ್ಲ, ಅಣ್ಣ. ಬೂಂದಿ ನಿಮ್ಮ ಮನೆಯಲ್ಲಿ ಇರಲಿ.

ವಾರ್ಡಿನ ಅಕ್ಕ

ನಾನು ಶುಶ್ರೂಷಕಿ. ಕೊಪ್ಪರಿಗೆ ಅಣ್ಣನವರ ಮಾತಿಗೆ ಎರಡು ವಿಷಯ ಸೇರಿಸಬೇಕು.

ಅನ್ನ ಕೆಡುವುದು ವಾಸನೆಯಿಂದಲೇ ತಿಳಿಯುತ್ತದೆ ಎಂದು ನಂಬಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಸ್ಥಿತಿಯಲ್ಲಿ, ಅಂದರೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಗಂಟೆಗಟ್ಟಲೆ ಕುಳಿತರೆ ಅವು ಚಿಗುರಿ ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸಂಜೆ ಐದಕ್ಕೆ ಪೊಟ್ಟಣ ಕಟ್ಟಿ ರಾತ್ರಿ ಹತ್ತಕ್ಕೆ ಕೊಡುವ ತಂಡಗಳನ್ನು ನಾನು ಕಂಡಿದ್ದೇನೆ. ನಮಗೆ ಹೊಟ್ಟೆ ಕೆಟ್ಟರೆ ಮನೆಯಲ್ಲಿ ಶೌಚಾಲಯ ಇದೆ. ಅವರಿಗೆ ರಾತ್ರಿ ಎರಡು ಗಂಟೆಗೆ ಏನಿದೆ ಎಂದು ಯೋಚಿಸಿ. ಮದುವೆ ಮನೆಯಲ್ಲಿ ಉಳಿದದ್ದನ್ನು ತರುವವರು ಅದು ಎಷ್ಟು ಹೊತ್ತಿಗೆ ಬೆಂದದ್ದೆಂದು ಕೇಳದೆ ತರಬಾರದು.

ಎರಡನೆಯದಾಗಿ, ಹಲವು ದಿನಗಳಿಂದ ಏನೂ ತಿಂದಿಲ್ಲವೆಂದು ಕಾಣುವವರು, ತೀರಾ ಸೊರಗಿ ಏಳಲಾಗದವರು ಸಿಕ್ಕರೆ, ಕರುಣೆಯಿಂದ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ಅನ್ನ, ಸಿಹಿ ತಿನ್ನಿಸಬೇಡಿ. ಬಹಳ ಹಸಿದ ದೇಹಕ್ಕೆ ಏಕಾಏಕಿ ಪಿಷ್ಟ, ಸಕ್ಕರೆ ಹೋದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಬಹುಕಾಲ ಕುಡಿತಕ್ಕೆ ಬಿದ್ದವರಲ್ಲಿ ಬಿ1 ಜೀವಸತ್ವ ಬರಿದಾಗಿರುವುದರಿಂದ ಮಿದುಳಿಗೂ ಅಪಾಯ. ಅಂಥವರಿಗೆ ಸ್ವಲ್ಪ ಗಂಜಿ ಕೊಟ್ಟು 108ಕ್ಕೆ ಕರೆ ಮಾಡಿ. ಇದು ಅಪರೂಪ, ಆದರೆ ತಿಳಿದಿರಬೇಕು.

ಇನ್ನೊಂದು ಮಾತು. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕಾಂಪೌಂಡಿನ ಹೊರಗೆ ಮಲಗಿರುವವರಲ್ಲಿ ಅನೇಕರಿಗೆ ಊರಿನಲ್ಲಿ ಮನೆಯೂ ಇದೆ, ಹೊಲವೂ ಇದೆ. ಒಳಗೆ ಮಗುವಿಗೋ ಗಂಡನಿಗೋ ಚಿಕಿತ್ಸೆ ನಡೆಯುತ್ತಿರುತ್ತದೆ. ಅವರ ಮುಂದೆ ಪೊಟ್ಟಣ ಹಿಡಿದು "ತಗೋ" ಎಂದರೆ ಅವರಿಗೆ ಸಂಕಟವಾಗುತ್ತದೆ. ಮೊದಲು ಯಾರಿಗೆ ಹುಷಾರಿಲ್ಲ ಎಂದು ಕೇಳಿ.

ಹೊಸಬಳು

ಕೊಪ್ಪರಿಗೆ ಅಣ್ಣ, ಎಂಬತ್ತು ಪೊಟ್ಟಣಕ್ಕೆ ಏಳು ಕಿಲೋ ಅಕ್ಕಿ ಹಾಕಿದ್ದೆವು. ಈಗ ಲೆಕ್ಕ ಮಾಡಿದೆ. ನಾಚಿಕೆಯಾಯಿತು. ವಾರ್ಡಿನ ಅಕ್ಕ, ನಾವು ಆರೂವರೆಗೆ ಕಟ್ಟಿ ಒಂಬತ್ತೂವರೆಗೆ ಕೊಡಲು ಶುರು ಮಾಡಿದ್ದೆವು, ಕಾಯಿತುರಿಯೂ ಹಾಕಿದ್ದೆವು. ಇದನ್ನು ನಮ್ಮ ತಂಡಕ್ಕೆ ಓದಿ ಹೇಳುತ್ತೇನೆ.

ಪ್ಲಾಟ್‌ಫಾರ್ಮ್ ಹತ್ತು

ನಾನು ಸಾಮಾನ್ಯವಾಗಿ ಇಲ್ಲಿ ಬರೆಯುವುದಿಲ್ಲ, ಓದಿ ಹೋಗುತ್ತೇನೆ. ಇವತ್ತು ಬರೆಯದೆ ಇರಲಾಗಲಿಲ್ಲ, ಏಕೆಂದರೆ ನೀವು ಮಾತಾಡುತ್ತಿರುವ ಸಾಲಿನಲ್ಲಿ ನಾನು ಆಚೆಯ ಬದಿಯಲ್ಲಿ ನಿಂತಿದ್ದವನು. 2009ರಲ್ಲಿ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು. ಅಲ್ಲೇ ಮಲಗುತ್ತಿದ್ದುದರಿಂದ ಕೆಲಸದ ಜೊತೆ ಸೂರೂ ಹೋಯಿತು. ಊರಿಗೆ ಹೋಗುವ ಮುಖ ಇರಲಿಲ್ಲ. ಐದು ತಿಂಗಳು ನಗರ ರೈಲು ನಿಲ್ದಾಣಕ್ಕೂ ಮೆಜೆಸ್ಟಿಕ್‌ಗೂ ನಡುವೆ ಕಳೆದೆ. ಈಗ ಕಾಟನ್‌ಪೇಟೆಯ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡುತ್ತೇನೆ, ಮನೆ ಇದೆ, ಮಗಳು ಪಿಯುಸಿ ಓದುತ್ತಿದ್ದಾಳೆ.

ಎರಡನೇ ಪೊಟ್ಟಣ ಏಕೆ ಎಂದು ಹೇಳುತ್ತೇನೆ. ಒಂದು, ಬೀದಿಯಲ್ಲಿ ಒಬ್ಬರೇ ಮಲಗುವುದು ಕಷ್ಟ. ಇಬ್ಬರು ಜೊತೆಯಾಗುತ್ತಾರೆ. ಒಬ್ಬರು ಗಂಟುಮೂಟೆ ಕಾಯುತ್ತಾರೆ, ಇನ್ನೊಬ್ಬರು ನೀರಿಗೋ ಶೌಚಕ್ಕೋ ಊಟಕ್ಕೋ ಹೋಗುತ್ತಾರೆ. ಆ ಅಜ್ಜಿ ಗಂಟಿಗೆ ಒರಗಿ ಕುಳಿತಿದ್ದರು ಎಂದಿರಿ. ಅವರು ಜಾಗ ಕಾಯುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ; ಪೊಟ್ಟಣ ಬಿಚ್ಚದೆ ಇದ್ದದ್ದೂ ಅದಕ್ಕೇ ಇರಬಹುದು. ಎರಡು, ಬೆಳಿಗ್ಗೆ ಆರಕ್ಕೆ ಕೂಲಿ ಕೆಲಸದವರು ನಿಲ್ಲುವ ಜಾಗದಲ್ಲಿ ನಿಲ್ಲಬೇಕು. ಖಾಲಿ ಹೊಟ್ಟೆಯಲ್ಲಿ ಕೈ ನಡುಗುತ್ತದೆ. ಮೇಸ್ತ್ರಿ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ನಡುಗುವ ಕೈಯವನನ್ನು ಕುಡುಕನೆಂದು ಬಿಟ್ಟು ಮುಂದಿನವನನ್ನು ಕರೆಯುತ್ತಾನೆ. ರಾತ್ರಿಯ ಎರಡನೇ ಪೊಟ್ಟಣವೆಂದರೆ ಬೆಳಿಗ್ಗೆಯ ಕೂಲಿ. ಅದನ್ನು ತಲೆಯ ಕೆಳಗೆ ಇಟ್ಟುಕೊಂಡು, ಇಲಿ, ನಾಯಿ ಕಾಯುತ್ತ ಮಲಗುತ್ತಿದ್ದೆ. ವಾರ್ಡಿನ ಅಕ್ಕ ಹೇಳಿದ್ದು ಸರಿ, ಅದು ಕೆಡುತ್ತಿತ್ತು. ಕೆಲವು ದಿನ ಕೆಟ್ಟದ್ದನ್ನೇ ತಿಂದಿದ್ದೇನೆ. ಆದ್ದರಿಂದ ಎರಡನೆಯದಾಗಿ ಅನ್ನ ಕೊಡಬೇಡಿ; ಬನ್ನು, ಬಾಳೆಹಣ್ಣು, ಕಡಲೆಮಿಠಾಯಿ ಕೊಡಿ. ಬೆಳಗಿನವರೆಗೆ ಇರುತ್ತದೆ. ನೇರ ನುಡಿ ಅವರ ಸೋಮಾರಿತನದ ಪ್ರಶ್ನೆಗೆ ನನ್ನ ಉತ್ತರವೂ ಇದೇ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಭಾನುವಾರ ರಾತ್ರಿ ಮೂರು ತಂಡಗಳು ಬರುತ್ತಿದ್ದವು. ಹಬ್ಬದ ದಿನ ಐದು. ಯಾರದೋ ಹುಟ್ಟುಹಬ್ಬ, ಯಾರದೋ ವರ್ಷಾಂತಿಕ, ಎಲ್ಲರಿಗೂ ಭಾನುವಾರವೇ ಬಿಡುವು. ಒಂದೇ ರಾತ್ರಿ ಮೂರು ಸಲ ಪುಳಿಯೋಗರೆ ಪಡೆದು ಮೂರನೆಯದನ್ನು ಗೋಡೆಯ ಬದಿಗಿಟ್ಟಿದ್ದೇನೆ. ಅದನ್ನು ಕಂಡ ಒಬ್ಬರು "ಅನ್ನಕ್ಕೆ ಬೆಲೆ ಇಲ್ಲ ಇವರಿಗೆ" ಎಂದರು. ಮಂಗಳವಾರ, ಬುಧವಾರ ಒಬ್ಬರೂ ಬರುತ್ತಿರಲಿಲ್ಲ. ನಿಮ್ಮ ಹನ್ನೊಂದು ಪೊಟ್ಟಣ ಏಕೆ ಉಳಿದವು ಎಂದು ನನಗೆ ಆಶ್ಚರ್ಯವಿಲ್ಲ.

ಮಾರ್ಕೆಟ್ ಮೂಲೆ

ನಾನು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಿಮ್ಮದನ್ನು ಎರಡು ಸಲ ಓದಿದೆ, ಅಣ್ಣ.

ಎಲೆ ಕೊನೆ

ನಮ್ಮ ಭಾಷೆಯಲ್ಲಿ ಎರಡು ಕ್ರಿಯಾಪದಗಳಿವೆ: ಹಂಚುವುದು ಮತ್ತು ಬಡಿಸುವುದು. ಹಂಚುವವನು ಲೆಕ್ಕ ನೋಡುತ್ತಾನೆ, ಬಡಿಸುವವನು ಎಲೆ ನೋಡುತ್ತಾನೆ. ಬಡಿಸುವಾಗ "ಇನ್ನು ಸ್ವಲ್ಪ ಹಾಕಲೇ?" ಎಂದು ಕೇಳುವುದು ಬಡಿಸುವವನ ಕೆಲಸವೇ ಹೊರತು ಉಣ್ಣುವವನು ಬೇಡುವ ಪ್ರಸಂಗ ಬರುವುದಿಲ್ಲ. ಸಿದ್ಧಗಂಗೆಯ ದಾಸೋಹದಲ್ಲಾಗಲಿ, ಧರ್ಮಸ್ಥಳದಲ್ಲಾಗಲಿ, ಇಲ್ಲೇ ಹಲಸೂರಿನ ಗುರುದ್ವಾರದ ಲಂಗರಿನಲ್ಲಾಗಲಿ ಎರಡನೇ ಸಲ ಬಡಿಸಿಕೊಂಡವರನ್ನು ಯಾರೂ ವಿಚಾರಿಸುವುದಿಲ್ಲ. ಪೊಟ್ಟಣ ಬಂದ ದಿನವೇ ನಾವು ಬಡಿಸುವವರಿಂದ ಹಂಚುವವರಾದೆವು ಎಂದು ನನಗೆ ತೋರುತ್ತದೆ.

ಲೆಕ್ಕದ ಪುಸ್ತಕ

ಮಾತು ಸೊಗಸಾಗಿದೆ. ಆದರೆ ನೀವು ಹೇಳಿದ ಮೂರೂ ಕಡೆ ಕಟ್ಟಡವಿದೆ, ನೀರಿದೆ, ಕುಳಿತುಕೊಳ್ಳಲು ಸ್ಥಳವಿದೆ, ಮುಗಿಯದ ಉಗ್ರಾಣವಿದೆ. ಕಲಾಸಿಪಾಳ್ಯದ ಪಾದಚಾರಿ ಮಾರ್ಗದಲ್ಲಿ ಬಸ್ಸಿನ ಹೊಗೆಯ ನಡುವೆ ಎಲೆ ಹಾಕಿ ಬಡಿಸುವುದು ಹೇಗೆ ಎಂದು ದಯವಿಟ್ಟು ಬಂದು ತೋರಿಸಿ, ನಾನೇ ಸೌಟು ಹಿಡಿಯುತ್ತೇನೆ.

ತಮಟೆ

ಎಲೆ ಕೊನೆ ಅವರಿಗೆ ಸಣ್ಣ ನೆನಪೋಲೆ. ಬಡಿಸುವುದರ ಚರಿತ್ರೆಯಲ್ಲಿ ಪಂಕ್ತಿಭೇದವೂ ಇದೆ. ನಮ್ಮ ಅಜ್ಜನಿಗೆ ಊರಿನ ಜಾತ್ರೆಯಲ್ಲಿ ಹಿತ್ತಲಿನಲ್ಲಿ ಕೂರಿಸಿ, ಎತ್ತರದಿಂದ ಅನ್ನ ಬೀಳುವಂತೆ ಬಡಿಸುತ್ತಿದ್ದರು. ಲೆಕ್ಕವಿಟ್ಟು ಎಲ್ಲರ ಕೈಗೂ ಒಂದೇ ತೂಕದ ಪೊಟ್ಟಣ ಕೊಡುವ ಕ್ರಮದಲ್ಲಿ ಒಂದು ಸಮಾನತೆ ಇದೆ, ಅದನ್ನು ಹಗುರವಾಗಿ ತಳ್ಳಿಹಾಕಬೇಡಿ. ಆದರೆ ಇಂದಿಗೂ ಕೆಲವು ಸ್ವಯಂಸೇವಕರು ಪೊಟ್ಟಣವನ್ನು ಕೈಗೆ ಕೊಡದೆ, ಕೈ ತಾಗದಂತೆ ನೆಲಕ್ಕಿಟ್ಟು ಹೋಗುವುದನ್ನು ಕಂಡಿದ್ದೇನೆ. ಹೊಸಬರು ಇದನ್ನೊಂದು ಗಮನಿಸಿ.

ಎಲೆ ಕೊನೆ

ಒಪ್ಪುತ್ತೇನೆ. ನಾನು ಪಂಕ್ತಿಯನ್ನು ನೆನೆದದ್ದು ಒಳಗೆ ಕುಳಿತವನ ಕಣ್ಣಿನಿಂದ.

ಸೋಮವಾರದ ಪೊರಕೆ

ನನ್ನ ತಾಯಿ ಪೌರಕಾರ್ಮಿಕರು. ಭಾನುವಾರ ರಾತ್ರಿ ನೀವೆಲ್ಲ ಪುಣ್ಯ ಕಟ್ಟಿಕೊಂಡು ಹೋದ ಮೇಲೆ ಸೋಮವಾರ ಬೆಳಿಗ್ಗೆ ಆರೂವರೆಗೆ ಆ ಬೀದಿಗೆ ಬರುವವರು ಅವರು. ಅನ್ನ ಮೆತ್ತಿದ ಪ್ಲಾಸ್ಟಿಕ್ ಹಾಳೆ, ಥರ್ಮಾಕೋಲ್ ತಟ್ಟೆ, ನೀರಿನ ಸಣ್ಣ ಚೀಲಗಳು, ಅದರ ಸುತ್ತ ನಾಯಿಗಳು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮಾಕೋಲ್ ತಟ್ಟೆಗಳ ನಿಷೇಧವಾದದ್ದು 2016ರಲ್ಲಿ. ಹಂಚುವ ತಂಡದವರು ವಿದ್ಯಾವಂತರೇ, ಅವರಿಗೆ ಗೊತ್ತಿಲ್ಲವೇ? ಕಸ ಕಂಡ ಅಂಗಡಿಯವರು ಬೈಯುವುದು ಅಲ್ಲಿ ಮಲಗುವವರನ್ನು, ಅವರನ್ನು ಎಬ್ಬಿಸಿ ಓಡಿಸುವುದೂ ಇದೇ ನೆಪದಿಂದ. ಬಾಳೆಎಲೆ, ಕಾಗದ ಬಳಸಿ. ಒಂದು ಗೋಣಿಚೀಲ ತನ್ನಿ, ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಹಿಂದಿರುಗುವಾಗ ಎತ್ತಿಕೊಂಡು ಹೋಗಿ.

ಸಂಚಾಲಕ

ನಾನೂ ಒಂದು ತಂಡ ನಡೆಸುತ್ತೇನೆ. ಚಿತ್ರ ತೆಗೆಯುವುದರ ಬಗ್ಗೆ ಇನ್ನೂ ಯಾರೂ ಬೈದಿಲ್ಲ, ಆದ್ದರಿಂದ ಬೈಯುವ ಮೊದಲೇ ಹೇಳಿಬಿಡುತ್ತೇನೆ: ಹಣ ಕೊಟ್ಟವರು ಚಿತ್ರ ಕೇಳುತ್ತಾರೆ. ಚಿತ್ರ ಹಾಕಿದ ತಿಂಗಳು ಅಕ್ಕಿ ಮೂಟೆ ಬರುತ್ತದೆ, ಹಾಕದ ತಿಂಗಳು ಬರುವುದಿಲ್ಲ. ನಾನೇನು ಮಾಡಲಿ?

ಪ್ಲಾಟ್‌ಫಾರ್ಮ್ ಹತ್ತು

ಕೊಪ್ಪರಿಗೆಯ ಚಿತ್ರ ತೆಗೆಯಿರಿ. ಅಕ್ಕಿಯ ರಸೀದಿಯ ಚಿತ್ರ ಹಾಕಿ. ಊರಿನಲ್ಲಿ ನನ್ನ ತಂಗಿಗೆ ನಾನು ಹೋಟೆಲಿನಲ್ಲಿ ಕ್ಯಾಷಿಯರ್ ಎಂದು ಹೇಳಿದ್ದೆ. ಒಬ್ಬ ಹುಡುಗ ಕ್ಯಾಮೆರಾ ಎತ್ತಿದಾಗಲೆಲ್ಲ ಟವೆಲು ಮುಖಕ್ಕೆ ಎಳೆದುಕೊಂಡು ಊಟ ಬಿಟ್ಟು ಎದ್ದು ಹೋಗುತ್ತಿದ್ದೆ.

ಸಂಚಾಲಕ

ಸರಿ. ಇನ್ನು ಮುಂದೆ ಕೊಪ್ಪರಿಗೆ, ರಸೀದಿ ಮಾತ್ರ.

ಕರಿ ಕೋಟು

ಕಾನೂನಿನ ಕಡೆಯಿಂದ ಮೂರು ಮಾತು, ಹೊಸಬರಿಗೆ ಉಪಯೋಗವಾಗಬಹುದು.

ನಿಮ್ಮ ವ್ಯಾನು ನಿಂತೊಡನೆ ಕೆಲವರು ಎದ್ದು ಓಡಿದರೆ ಅಚ್ಚರಿಪಡಬೇಡಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸಾಗಿಸಬಹುದು. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನು ಹಳಬರು ಈಗಲೂ ಭಿಕ್ಷುಕರ ಕಾಲೋನಿ ಎನ್ನುತ್ತಾರೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 3ರಷ್ಟು ಭಿಕ್ಷುಕರ ಉಪಕರ ಇರುವುದು ಇದಕ್ಕಾಗಿಯೇ. ಕತ್ತಲಲ್ಲಿ ವಾಹನದಿಂದ ಇಳಿದು ಬರುವ ಏಳೆಂಟು ಜನರನ್ನು ಕಂಡರೆ ಅವರಿಗೆ ಮೊದಲು ನೆನಪಾಗುವುದು ಊಟವಲ್ಲ. ವಾಹನವನ್ನು ದೂರ ನಿಲ್ಲಿಸಿ, ಇಬ್ಬಿಬ್ಬರಾಗಿ ನಡೆದು ಹೋಗಿ.

ಮಲಗಲು ಜಾಗ ಕೇಳಿದವರಿಗೆ ರಾತ್ರಿ ಆಶ್ರಯ ಕೇಂದ್ರದ ವಿಳಾಸ ಹೇಳಲು ನಿಮಗೆ ಗೊತ್ತಿರಬೇಕು. ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. ಆ ಅಳತೆಗೆ ಬೆಂಗಳೂರು ಎಷ್ಟು ದೂರವಿದೆ ಎಂಬುದನ್ನು ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತರೆ ಕಾಣಬಹುದು.

ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿರುವವರು ಸಿಕ್ಕರೆ, ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಕರೆದೊಯ್ಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನಂತೆ ಪೊಲೀಸರ ಕರ್ತವ್ಯ. ಠಾಣೆಯಲ್ಲಿ ಆ ಕಲಮಿನ ಸಂಖ್ಯೆ ಹೇಳಿ ಕೇಳಿ; ಸಂಖ್ಯೆ ಹೇಳಿದರೆ ಕುರ್ಚಿ ಸಿಗುತ್ತದೆ ಎಂಬುದು ನನ್ನ ವೃತ್ತಿಯ ಅನುಭವ. ಸಲಹೆಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ವಿಜಯನಗರದ ಅಮ್ಮ

ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದೇ? "ನಾವು ಎಷ್ಟು ಪುಣ್ಯವಂತರು ನೋಡು" ಎಂದು ತೋರಿಸಬೇಕೆಂದಿದೆ.

ಪ್ಲಾಟ್‌ಫಾರ್ಮ್ ಹತ್ತು

ಅದನ್ನು ತೋರಿಸುವುದಕ್ಕಾದರೆ ಬೇಡ, ಅಮ್ಮ. ಬಾಳೆಹಣ್ಣಿನ ಬುಟ್ಟಿ ಹೊರುವುದಕ್ಕಾದರೆ ಬರಲಿ.

ವಾರ್ಡಿನ ಅಕ್ಕ

ಬಂದರೆ, ಎಂಟೂವರೆಗೆ ಮಲಗುವ ಹುಡುಗ ಹತ್ತೂವರೆವರೆಗೆ ಎಚ್ಚರವಿರಬೇಕಾಗುತ್ತದೆ. ಅಡುಗೆ ಕಟ್ಟುವ ಕೆಲಸಕ್ಕೆ ಕೂರಿಸಿಕೊಳ್ಳಿ, ಅದೂ ಸೇವೆಯೇ.

ಹೊಸಬಳು

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಭಾನುವಾರ ಬಿಟ್ಟು ಬುಧವಾರ ಹೋದೆವು. ಕಚೇರಿ ಇದ್ದುದರಿಂದ ಎಂಟು ಮಂದಿಯಲ್ಲಿ ನಾಲ್ಕೇ ಮಂದಿ ಬಂದೆವು. ಒಂಬತ್ತು ಕಿಲೋ ಅಕ್ಕಿಯ ಬಿಸಿಬೇಳೆಬಾತು, ಅರವತ್ತು ಪೊಟ್ಟಣ ಬಾಳೆಎಲೆಯಲ್ಲಿ, ಬೇರೆ ಚೀಲದಲ್ಲಿ ಬನ್ನು ಮತ್ತು ಕಡಲೆಮಿಠಾಯಿ. ಎಂಟಕ್ಕೆ ಒಲೆಯಿಂದ ಇಳಿಸಿ ಒಂಬತ್ತಕ್ಕೆ ಅಲ್ಲಿದ್ದೆವು. ಕಾರನ್ನು ದೂರ ನಿಲ್ಲಿಸಿ ನಡೆದು ಹೋದೆವು. ಬೇರೆ ಯಾವ ತಂಡವೂ ಇರಲಿಲ್ಲ. ಅರವತ್ತೂ ಇಪ್ಪತ್ತು ನಿಮಿಷದಲ್ಲಿ ಮುಗಿದವು, ಮಾರುಕಟ್ಟೆಯ ತನಕ ತಲುಪಲೇ ಇಲ್ಲ. ಲೆಕ್ಕದ ಪುಸ್ತಕದವರು ಹೇಳಿದಂತೆ ಹದಿನೈದನ್ನು ಎತ್ತಿಡಲೂ ಆಗಲಿಲ್ಲ. ಎರಡನೇ ಸುತ್ತಿಗೆ ಬನ್ನು ಮಾತ್ರ ಉಳಿದಿತ್ತು.

ಕೊಡುವ ಮೊದಲು "ಊಟ ಆಯ್ತಾ?" ಎಂದು ಕೇಳಿ ನೋಡಿದೆ. ಮೂರು ಮಂದಿ "ಆಯ್ತು" ಎಂದು ಪೊಟ್ಟಣ ಬೇಡವೆಂದರು, ಒಬ್ಬರು "ನಿಮ್ಮದು?" ಎಂದು ತಿರುಗಿ ಕೇಳಿದರು. ನನ್ನದು ಆಗಿರಲಿಲ್ಲ.

ಆ ಅಜ್ಜಿ ಅದೇ ಕಂಬದ ಬಳಿ ಇದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ. ಕೇಳುವ ಮೊದಲೇ ಎರಡು ಪೊಟ್ಟಣ ಕೊಟ್ಟೆ. ಪಕ್ಕದ ಗಂಟು ಯಾರದ್ದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡನ್ನೂ ಅಂಗೈಯಲ್ಲಿ ಇಟ್ಟು ನೋಡಿ, "ಒಂದು ಆರೋಗೈತಲ್ಲವ್ವ" ಎಂದರು. ಅದು ಚೀಲದ ಅಂಚಿನಲ್ಲಿದ್ದ ಪೊಟ್ಟಣ, ನಿಜಕ್ಕೂ ತಣ್ಣಗಾಗಿತ್ತು. ಬದಲಿಸಿ ಕೊಡಲು ಬಿಸಿಯದು ನನ್ನ ಬಳಿ ಇರಲಿಲ್ಲ.

ಬರುವ ಬುಧವಾರಕ್ಕೆ ಅರವತ್ತು ಪೊಟ್ಟಣ ಹಿಡಿಯುವಂಥ, ಬಿಸಿ ಕಾಯುವ ಪೆಟ್ಟಿಗೆ ಯಾರ ಬಳಿಯಾದರೂ ಇದೆಯೇ? ಬಾಡಿಗೆ ಕೊಡಲು ಸಿದ್ಧಳಿದ್ದೇನೆ.

ಕೊಪ್ಪರಿಗೆ

ನನ್ನಲ್ಲಿ ಒಂದಿದೆ, ಮುಚ್ಚಳದ ರಬ್ಬರು ಹೋಗಿದೆ. ದಪ್ಪ ಟವೆಲು ಸುತ್ತಿದರೆ ನಡೆಯುತ್ತದೆ. ಬಾಡಿಗೆ ಬೇಡ, ತೊಳೆದು ತಂದುಕೊಡಿ.

ನೇರ ನುಡಿ

ರಬ್ಬರು ನಾನು ತರುತ್ತೇನೆ, ಅಳತೆ ಹೇಳಿ.